ಅತ್ತೆಯ ಫೋನು, ಸೊಸೆಯ ಫೋನು



ಅತ್ತೆ ಸೊಸೆಯರ ವಿಷಯವಾಗಿ ಮಾಸಪತ್ರಿಕೆಗಳಲ್ಲಿ ಬಂದಿರುವಷ್ಟು ಬರಹಗಳು ಬೇರಾವ ವಿಷಯವಾಗಿಯೂ ಬಂದಿರಲಾರವು. ಆದಕಾರಣ ಈ ತಲೆಬರಹವನ್ನು ಕಂಡೊಡನೆಯೇ "ಮತ್ತೊಂದು ಜಗಳದ ಕಥೆ" ಎಂದು ಪುಟವನ್ನು ತಿರುವಿಬಿಡಬಾರದೆಂದು ನಮ್ಮ ಅರಿಕೆ. ನಾವು ಹೇಳಹೊರಟಿರುವ ಅತ್ತೆ ಸೊಸೆಯರಲ್ಲಿ ಮನಸ್ತಾಪವೇನೂ ಇಲ್ಲ. ಹೊಂದಿಕೆಯಿಲ್ಲದೆ ಹೋದದ್ದು ಅವರ ಕೈಯಲ್ಲಿದ್ದ ಫೋನುಗಳಿಗೆ. ಆ ಹೊಂದಿಕೆಯಿಲ್ಲದುದರ ಕಾರಣವನ್ನು ವಿಚಾರಿಸುತ್ತ ಹೋದಾಗ, ಈ ಕಾಲದ ಒಂದು ದೊಡ್ಡ ಶಿಲ್ಪದ ಒಳಗುಟ್ಟೇ ನಮಗೆ ತಿಳಿಯಬಂದಿತು. ಅದನ್ನು ಮನೆಮಂದಿಯೆಲ್ಲ ಅರಿತಿರುವುದು ಒಳ್ಳೆಯದೆಂದು ತೋರಿ ಈ ತಿಂಗಳ ಪುಟವನ್ನು ಅದಕ್ಕಾಗಿ ಮೀಸಲಿಟ್ಟಿರುತ್ತೇವೆ.

ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ ನಾವು ತಿಪಟೂರು ಸೀಮೆಯ ನಮ್ಮ ಬಂಧುಗಳ ಮನೆಗೆ ಹೋಗಿದ್ದೆವು. ನೊಣವಿನಕೆರೆಯನ್ನು ದಾಟಿ ತುರುವೇಕೆರೆಯ ಕಡೆಗೆ ಸಾಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವೆ ಇರುವ ಹಳೆಯ ಮನೆಯದು. ಮನೆಯ ಯಜಮಾನರು ತೀರಿಹೋಗಿ ಕೆಲವು ವರ್ಷಗಳಾದುವು. ತೋಟ, ಅಟ್ಟ, ಆಳುಕಾಳು ಎಲ್ಲವನ್ನೂ ಮನೆಯಾಕೆಯೇ ನೋಡಿಕೊಳ್ಳುತ್ತಾರೆ. ಮಗನೂ ಸೊಸೆಯೂ ಬೆಂಗಳೂರಿನಲ್ಲಿದ್ದಾರೆ. ಸೊಸೆಯು ಫೋನಿನ ಮೂಲಕ ಹಣ ಕಳುಹಿಸುವ ಆ್ಯಪೊಂದನ್ನು ತಯಾರಿಸುವ ಕಂಪೆನಿಯಲ್ಲಿ ಇಂಜಿನಿಯರು.

ಹಬ್ಬದ ಹಿಂದಿನ ದಿನ ಅಟ್ಟದಿಂದ ಕಾಯಿಗಳನ್ನು ಇಳಿಸಿದ್ದರು. ತಿಪಟೂರಿನ ಉಂಡೆ ಕೊಬ್ಬರಿಯ ಕ್ರಮವನ್ನು ಅರಿಯದವರಿಗಾಗಿ ಒಂದು ಮಾತು: ಈ ಕಡೆಯಲ್ಲಿ ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಅಟ್ಟಕ್ಕೆ ಏರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗುವುದು. ಆಮೇಲೆ ಸಿಪ್ಪೆ ಸುಲಿದು, ಕರಟ ಒಡೆದು, ಕೊಬ್ಬರಿಯನ್ನು ಮಾರುಕಟ್ಟೆಗೆ ಸಾಗಿಸುತ್ತಾರೆ. ಆ ದಿನ ನಾಲ್ವರು ಆಳುಗಳು ಬೆಳಗಿನಿಂದಲೂ ಸುಲಿದು, ಸಾವಿರ ಕಾಯಿಗೆ ಇಷ್ಟೆಂಬ ಲೆಕ್ಕದಲ್ಲಿ ಸಾಯಂಕಾಲ ಕೂಲಿಗಾಗಿ ಜಗಲಿಯಲ್ಲಿ ಕುಳಿತಿದ್ದರು. ಮನೆಯಾಕೆಯು ಎರಡು ವರ್ಷಗಳಿಂದ ಕೂಲಿಯನ್ನು ಫೋನಿನಲ್ಲಿಯೇ ಕಳುಹಿಸುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಎಂದಿನಂತೆ ಫೋನನ್ನು ಕೈಗೆತ್ತಿಕೊಂಡರೆ ಆ್ಯಪು ತೆರೆಯಲೊಲ್ಲದು! "ಈ ಫೋನಿನಲ್ಲಿ ಇನ್ನು ಮುಂದೆ ಈ ಆ್ಯಪು ನಡೆಯುವುದಿಲ್ಲ" ಎಂಬರ್ಥದ ಒಂದು ಸೂಚನೆ ಮಾತ್ರ ಕಂಡಿತು. ಅದರ ಕೆಳಗಿದ್ದ ಗುಂಡಿಯ ಮೇಲಿನ ಕನ್ನಡ ಪದವು ಅರ್ಧ ಕತ್ತರಿಸಿಹೋಗಿ, ಒತ್ತಕ್ಷರಗಳು ಕಾಣದೆ, ಏನೆಂದು ಓದುವುದಕ್ಕೂ ಆಗಲಿಲ್ಲ.

ಬ್ಯಾಂಕು ಮುಚ್ಚಿತ್ತು. ಮನೆಯಲ್ಲಿ ಅಷ್ಟು ನಗದು ಇರಲಿಲ್ಲ. ಅಷ್ಟರಲ್ಲಿ ಸೊಸೆಯು ಬೆಂಗಳೂರಿನಿಂದ ಬಂದಿಳಿದಳು. ಅವಳ ಐಫೋನಿನಲ್ಲಿ ಅದೇ ಆ್ಯಪು, ಅದೇ ಹೆಸರು, ಅದೇ ಬಣ್ಣ, ಯಾವ ತಕರಾರೂ ಇಲ್ಲದೆ ತೆರೆದುಕೊಂಡಿತು. ನಾಲ್ವರಿಗೂ ಹಣ ಹೋಯಿತು. ಮೂವರು ತಮ್ಮ ಫೋನುಗಳನ್ನು ನೋಡಿಕೊಂಡು ಸಂತೋಷದಿಂದ ಹೊರಟರು. ನಾಲ್ಕನೆಯವನು ಮಾತ್ರ ಏಳಲಿಲ್ಲ. ಅವನ ಫೋನೂ ಮನೆಯಾಕೆಯ ಫೋನಿನಷ್ಟೇ ಹಳೆಯದು. ಅವನ ಆ್ಯಪೂ ಅಂದೇ ಮುಚ್ಚಿಕೊಂಡಿತ್ತು. ಹಣವು ಅವನ ಬ್ಯಾಂಕಿನ ಖಾತೆಗೆ ಸೇರಿದುದು ನಿಜ. ಆದರೆ ಸೇರಿತೆಂಬುದನ್ನು ಅವನು ನೋಡುವ ಬಗೆಯೆಂತು? "ನೀವು ಸುಳ್ಳು ಹೇಳ್ತೀರಾ ಅಂತಲ್ಲ ಕಣಮ್ಮ, ನಾಳೆ ಹಬ್ಬ ಅಲ್ವಾ" ಎಂದು ಸಂಕೋಚದಿಂದಲೇ ಹೇಳಿ ಕುಳಿತನು. ಕತ್ತಲಾದ ಮೇಲೆ ಬ್ಯಾಂಕಿನ ಸಂದೇಶವು ಬಂದಿತು. ಆಗ ಎದ್ದುಹೋದನು. ಅಷ್ಟು ಹೊತ್ತಿಗೆ ಪೇಟೆಯ ಅಂಗಡಿಗಳು ಬಾಗಿಲಿಕ್ಕುವ ಸಮಯವಾಗಿದ್ದಿತು.

ಊಟವಾದ ತರುವಾಯ ಸೊಸೆಯು ಬಹಳ ಹೊತ್ತು ಸುಮ್ಮನಿದ್ದು, "ಅತ್ತೆ, ಹಳೆಯ ಫೋನುಗಳಲ್ಲಿ ಆ್ಯಪನ್ನು ನಿಲ್ಲಿಸಬೇಕೆಂದು ತೀರ್ಮಾನಿಸಿದವರಲ್ಲಿ ನಾನೂ ಒಬ್ಬಳು. ಆ ಪಟ್ಟಿಗೆ ನನ್ನ ಒಪ್ಪಿಗೆಯೂ ಇದೆ" ಎಂದಳು. ಅತ್ತೆಯವರು ಕೋಪಿಸಿಕೊಳ್ಳಲಿಲ್ಲ. "ಒಂದೇ ಆ್ಯಪು ಅಂತೀಯ. ನಿನ್ನ ಕೈಲಿ ನಡೀತು, ನನ್ನ ಕೈಲಿ ನಿಂತೋಯ್ತು. ಅದು ಒಂದು ಹ್ಯಾಗಾಯ್ತು ಕಣವ್ವ?" ಎಂದು ಕೇಳಿದರು. ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಇಂಜಿನಿಯರುಗಳ ಸಭೆಯಲ್ಲಿಯೂ ಯಾರೂ ಕೇಳಲಾರರು. ಆ ರಾತ್ರಿ ಸೊಸೆಯು ಕೊಟ್ಟ ಉತ್ತರವನ್ನೂ, ನಾವು ಆಮೇಲೆ ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ನಿರೂಪಿಸುತ್ತೇವೆ.

ಹೊರಗೆ ಒಂದೇ ಆಗಿ ಕಾಣುವ ಆ್ಯಪು ಒಳಗೆ ಎರಡಾಗಿರುವುದು. ಐಫೋನು 2007ರಲ್ಲಿ ಬಂದಿತು. ಆ್ಯಪುಗಳನ್ನು ಪಡೆಯುವ ಅದರ ಅಂಗಡಿಯನ್ನು ಆ್ಯಪಲ್ ಕಂಪೆನಿಯು 2008ರ ಜುಲೈ ತಿಂಗಳಲ್ಲಿ ತೆರೆಯಿತು. ಅದೇ ವರ್ಷದ ಕಡೆಯ ಭಾಗದಲ್ಲಿ ಗೂಗಲ್ ಕಂಪೆನಿಯ ಆಂಡ್ರಾಯ್ಡ್ ಫೋನೂ ಅದರ ಅಂಗಡಿಯೂ ಬಂದವು. ಅಂದಿನಿಂದ ಜಗತ್ತಿನ ಫೋನುಗಳೆಲ್ಲ ಹೆಚ್ಚುಕಡಿಮೆ ಈ ಎರಡು ವೇದಿಕೆಗಳಲ್ಲಿ ಹಂಚಿಹೋಗಿವೆ. ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಫೋನುಗಳು ಆಂಡ್ರಾಯ್ಡಿನವು. ಒಂದು ವೇದಿಕೆಯ ಭಾಷೆ ಇನ್ನೊಂದಕ್ಕೆ ತಿಳಿಯದು. ಐಫೋನಿಗೆ ಸ್ವಿಫ್ಟ್ ಎಂಬ ಭಾಷೆಯಲ್ಲಿಯೂ, ಆಂಡ್ರಾಯ್ಡಿಗೆ ಜಾವಾ ಅಥವಾ ಕೋಟ್ಲಿನ್ ಎಂಬ ಭಾಷೆಯಲ್ಲಿಯೂ ಪ್ರೋಗ್ರಾಮನ್ನು ಬರೆಯುವುದು ವಾಡಿಕೆ. ಅಂಗಡಿಗಳೂ ಬೇರೆ, ಪರೀಕ್ಷಕರೂ ಬೇರೆ, ನಿಯಮಗಳೂ ಬೇರೆ. ಐಫೋನುಗಳನ್ನು ಮಾಡುವುದು ಒಂದೇ ಕಂಪೆನಿಯಾದುದರಿಂದ ಅವುಗಳಲ್ಲಿ ಬಗೆಗಳು ಕಡಿಮೆ. ಆಂಡ್ರಾಯ್ಡನ್ನಾದರೋ ಹತ್ತಾರು ಕಂಪೆನಿಗಳು ಸಾವಿರಾರು ಬಗೆಯ ಫೋನುಗಳಲ್ಲಿ ಹಾಕಿ ಮಾರುತ್ತವೆ. ಪರದೆಯ ಅಳತೆ, ನೆನಪಿನ ಸಾಮರ್ಥ್ಯ, ವೇಗ, ಬ್ಯಾಟರಿಯನ್ನು ಉಳಿಸುವ ಕ್ರಮ, ಒಂದೂ ಇನ್ನೊಂದರಂತಿರದು.

ಹೊಸ ಆ್ಯಪನ್ನು ಹೊರತರುವವರಿಗೆ ಮೊದಲು ಯಾವ ವೇದಿಕೆ ಎಂಬುದೇ ಮೊದಲನೆಯ ಪ್ರಶ್ನೆ. ಹಣ ಕಳುಹಿಸುವ ಯು.ಪಿ.ಐ. ವ್ಯವಸ್ಥೆಯು ನಮ್ಮ ದೇಶದಲ್ಲಿ 2016ರಲ್ಲಿ ಆರಂಭವಾಯಿತಷ್ಟೆ. ಅದರ ಭೀಮ್ ಆ್ಯಪು 2016ರ ಡಿಸೆಂಬರ್ 30ರಂದು ಮೊದಲು ಆಂಡ್ರಾಯ್ಡಿಗೆ ಬಂದು, ಐಫೋನಿಗೆ 2017ರ ಫೆಬ್ರವರಿಯಲ್ಲಿ ಬಂದಿತು. ಅಂದು ಹೀಗೆ ಮೊಳೆತ ಯು.ಪಿ.ಐ.ಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದವು. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಬೆಲೆಯೇ ಈಗ ಇ-ಟೆಂಡರಿನ ಮೂಲಕ, ಅಂದರೆ ಗಣಕಯಂತ್ರದ ಮೂಲಕ, ತೀರ್ಮಾನವಾಗುತ್ತಿದೆ. ಬೆಲೆ ಕಟ್ಟುವುದೂ ಕೂಲಿ ಕೊಡುವುದೂ ಯಂತ್ರದ ಮೂಲಕವೇ ಆದ ಮೇಲೆ, ಯಂತ್ರವನ್ನು ನಡೆಸುವವರ ತೀರ್ಮಾನಗಳು ನೇರವಾಗಿ ನಮ್ಮ ಜಗಲಿಗೇ ಬಂದು ಕೂರುತ್ತವೆ.

ಹಾಗಾದರೆ ಒಂದೇ ಕೆಲಸವನ್ನು ಎರಡು ಸಲ ಮಾಡುವುದೇತಕ್ಕೆ, ಒಮ್ಮೆ ಬರೆದು ಎರಡು ಕಡೆಗೂ ಉಪಯೋಗಿಸಬಾರದೆ ಎಂದು ವಾಚಕರು ಕೇಳಬಹುದು. ದೊಡ್ಡ ದೊಡ್ಡ ಕಂಪೆನಿಗಳೂ ಇದನ್ನು ಕೇಳಿ, ಪ್ರಯೋಗಮಾಡಿ, ಕೆಲವರು ಗೆದ್ದು ಕೆಲವರು ಕೈಸುಟ್ಟುಕೊಂಡಿದ್ದಾರೆ. ಫೇಸ್‌ಬುಕ್ ಕಂಪೆನಿಯು ಮೊದಲು ವೆಬ್ ಪುಟಗಳ ಭಾಷೆಯಲ್ಲೇ ಬರೆದು ಎರಡೂ ಫೋನುಗಳಲ್ಲಿ ತೋರಿಸಿತು. ಆ್ಯಪು ನಿಧಾನವಾಯಿತು. 2012ರಲ್ಲಿ ಅದನ್ನು ಕೈಬಿಟ್ಟು, ಎರಡು ವೇದಿಕೆಗಳಿಗೂ ಬೇರೆಬೇರೆಯಾಗಿ ಹೊಸದಾಗಿ ಬರೆಯಿತು. ಅದೇ ಕಂಪೆನಿಯವರು 2015ರಲ್ಲಿ ರಿಯಾಕ್ಟ್ ನೇಟಿವ್ ಎಂಬ ಮಧ್ಯಮಾರ್ಗವೊಂದನ್ನು ಲೋಕಕ್ಕೆ ಬಿಟ್ಟುಕೊಟ್ಟರು. ಏರ್‌ಬಿಎನ್‌ಬಿ ಕಂಪೆನಿಯು ಅದನ್ನು ಹಿಡಿದು, 2018ರಲ್ಲಿ ಬಿಟ್ಟಿತು. ಶಾಪಿಫೈ ಕಂಪೆನಿಯು 2020ರಲ್ಲಿ ಅದನ್ನೇ ಮೆಚ್ಚಿ ಹಿಡಿಯಿತು. ಡ್ರಾಪ್‌ಬಾಕ್ಸ್ ಕಂಪೆನಿಯು ಕೆಲವು ವರ್ಷ ಒಳಗಿನ ಲೆಕ್ಕಾಚಾರವನ್ನೆಲ್ಲ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಒಮ್ಮೆಯೇ ಬರೆದು ಎರಡೂ ಕಡೆ ಹಂಚಿಕೊಂಡಿತು. ಉಳಿತಾಯಕ್ಕಿಂತ ಅದನ್ನು ಕಾಪಾಡುವ ಖರ್ಚೇ ಹೆಚ್ಚೆಂದು ಕಂಡು 2019ರಲ್ಲಿ ಆ ದಾರಿಯನ್ನು ತೊರೆಯಿತು. ಗೂಗಲಿನ ಫ್ಲಟರ್ ಎಂಬುದು 2018ರ ಕಡೆಯಲ್ಲಿ ಸ್ಥಿರರೂಪಕ್ಕೆ ಬಂದಿತು. ಲೆಕ್ಕಾಚಾರವನ್ನು ಮಾತ್ರ ಹಂಚಿಕೊಂಡು ಪರದೆಯನ್ನು ಆಯಾ ವೇದಿಕೆಗೇ ಬಿಡುವ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಎಂಬ ಕ್ರಮವು 2023ರಲ್ಲಿ ನೆಲೆಗೊಂಡಿತು.

ನಮ್ಮ ರಾಜ್ಯದಲ್ಲಿಯೇ ಉದಾಹರಣೆಯುಂಟು. ಬೆಂಗಳೂರಿನ ಆಟೋ ಚಾಲಕರ ಸಲುವಾಗಿ 2022ರಲ್ಲಿ ಹೊರಟ ನಮ್ಮ ಯಾತ್ರಿ ಆ್ಯಪಿನ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದರಲ್ಲಿ ಪರದೆಗಳನ್ನು ಪ್ಯೂರ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದು ಫೋನಿನ ಸ್ವಂತ ಅಂಗಗಳಿಂದಲೇ ತೋರಿಸುವ ಕ್ರಮವನ್ನಿಟ್ಟುಕೊಂಡರು. ಪ್ರಯಾಣಿಕರು ಅದನ್ನು ಎರಡೂ ಬಗೆಯ ಫೋನುಗಳಲ್ಲಿ ಉಪಯೋಗಿಸಬಹುದು.

ಇವೆಲ್ಲವನ್ನೂ ನೋಡಿದರೆ ಯಾವ ಮಾರ್ಗವೂ ಸರ್ವೋತ್ತಮವಲ್ಲ, ಯಾವುದೂ ಸರ್ವಥಾ ಕೆಟ್ಟದ್ದೂ ಅಲ್ಲವೆಂದು ತೋರುವುದು. ಎರಡು ಒಲೆಗಳಲ್ಲಿ ಬೇರೆಬೇರೆ ಅಡಿಗೆಮಾಡಿದರೆ ಸೌದೆ ಹೆಚ್ಚು. ಒಂದೇ ಪಾತ್ರೆಯಲ್ಲಿ ಇಬ್ಬರ ಪಥ್ಯವನ್ನೂ ಬೇಯಿಸಹೋದರೆ ಇಬ್ಬರಿಗೂ ರುಚಿಸದಿರಬಹುದು. ಕೆಲಸಗಾರರು ಎಷ್ಟು ಮಂದಿ, ಅವರಿಗೆ ಯಾವ ಭಾಷೆ ಬರುವುದು, ಆ್ಯಪು ಏನು ಮಾಡಬೇಕು ಎಂಬುದನ್ನು ನೋಡಿ ತೀರ್ಮಾನಿಸತಕ್ಕದ್ದು. "ಒಮ್ಮೆ ಬರೆಯುವುದೋ ಎರಡು ಸಲ ಬರೆಯುವುದೋ ಎಂಬುದು ನಮಗೆ ಕಷ್ಟದ ವಿಷಯವಲ್ಲ. ಕಷ್ಟವಾದದ್ದು ಕಳುಹಿಸಿದುದನ್ನು ಹಿಂದಕ್ಕೆ ಕರೆಯಲಾಗದಿರುವುದು" ಎಂದು ಸೊಸೆಯು ಹೇಳಿದಳು. ಈ ಮಾತನ್ನು ಸ್ವಲ್ಪ ವಿವರಿಸಬೇಕು.

ವೆಬ್ ಪುಟವೊಂದರಲ್ಲಿ ತಪ್ಪಿದ್ದರೆ ಕಂಪೆನಿಯವರು ತಮ್ಮಲ್ಲಿಯೇ ತಿದ್ದಿದರೆ ಸಾಕು, ನೋಡುವವರೆಲ್ಲರಿಗೂ ತಿದ್ದಿದುದೇ ಕಾಣುವುದು. ಆ್ಯಪು ಹಾಗಲ್ಲ. ಅದು ಲಕ್ಷಾಂತರ ಜನರ ಜೇಬಿನಲ್ಲಿ ಕುಳಿತುಬಿಡುವುದು. ತಪ್ಪನ್ನು ತಿದ್ದಿ ಹೊಸದನ್ನು ಕಳುಹಿಸಿದರೂ ಅದನ್ನು ಹಾಕಿಕೊಳ್ಳುವವರು ಹಾಕಿಕೊಂಡಾರು, ಬಿಡುವವರು ಬಿಟ್ಟಾರು. ಫೋನಿನಲ್ಲಿ ಜಾಗವಿಲ್ಲದವರು, ನೆಟ್‌ವರ್ಕು ಸಿಗದವರು, ವಿಷಯವೇ ತಿಳಿಯದವರು ವರ್ಷಗಟ್ಟಲೆ ಹಳೆಯದನ್ನೇ ಇಟ್ಟುಕೊಂಡಿರುತ್ತಾರೆ. ಅಟ್ಟಕ್ಕೆ ಏರಿಸಿದ ಕಾಯಿಯ ಹಾಗೆ, ಒಳಗೆ ಏನಾಗಿದೆಯೆಂದು ಒಡೆದು ನೋಡುವಂತಿಲ್ಲ. ಅತ್ತೆಯವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಆಡುವ ಶಬ್ದದಿಂದ ಒಣಗಿತೋ ಇಲ್ಲವೋ ಹೇಳುತ್ತಾರೆ. ಇಂಜಿನಿಯರುಗಳಿಗೂ ಅಂತಹ ಶಬ್ದವೇ ಆಧಾರ. ಆ್ಯಪು ಎಲ್ಲಿಯಾದರೂ ಮುಗ್ಗರಿಸಿ ಮುಚ್ಚಿಕೊಂಡರೆ ಆ ಸುದ್ದಿಯು ತಾನಾಗಿ ಕಂಪೆನಿಗೆ ಬರುವಂತೆ ಏರ್ಪಾಡಿರುವುದು. ಯಾವ ಬಗೆಯ ಫೋನಿನಲ್ಲಿ, ಯಾವ ಆವೃತ್ತಿಯಲ್ಲಿ, ಸಾವಿರಕ್ಕೆ ಎಷ್ಟು ಸಲ ಎಂಬುದನ್ನು ಕೇಳಿಸಿಕೊಂಡು ರೋಗವನ್ನು ಊಹಿಸುತ್ತಾರೆ.

ಹಿಂದಕ್ಕೆ ಕರೆಯಲಾಗದ ಕಾರಣ ಕಳುಹಿಸುವಾಗಲೇ ಬಹಳ ಎಚ್ಚರಿಕೆ. ಐಫೋನಿನ ಅಂಗಡಿಯಲ್ಲಿ ಹೊಸ ಆವೃತ್ತಿಯನ್ನು ಏಳು ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಡುವ ಏರ್ಪಾಡುಂಟು. ತಾನಾಗಿ ನವೀಕರಿಸಿಕೊಳ್ಳುವ ಫೋನುಗಳಲ್ಲಿ ಮೊದಲನೆಯ ದಿನ ನೂರಕ್ಕೆ 1, ಎರಡನೆಯ ದಿನ 2, ಆಮೇಲೆ 5, 10, 20, 50, ಏಳನೆಯ ದಿನ 100. ಆಂಡ್ರಾಯ್ಡಿನಲ್ಲಿಯೂ ಬೇಕಾದ ಪ್ರಮಾಣವನ್ನು ಗೊತ್ತುಮಾಡಿ ಬಿಡಬಹುದು. ದೋಷ ಕಂಡರೆ ನಡುವೆ ನಿಲ್ಲಿಸಬಹುದು. ಆದರೆ ಅಷ್ಟರೊಳಗೆ ಪಡೆದವರ ಕೈಯಿಂದ ಕಿತ್ತುಕೊಳ್ಳಲಾಗದು. ತಿದ್ದಿದ ಇನ್ನೊಂದನ್ನು ಕಳುಹಿಸುವುದೊಂದೇ ಉಪಾಯ. ಆದುದರಿಂದ ಹೊಸ ಸೌಕರ್ಯಗಳನ್ನು ಆ್ಯಪಿನೊಳಗೆ ಮೊದಲೇ ಇಟ್ಟು, ಬೀಗಹಾಕಿದ ಕೋಣೆಯಂತೆ ಮುಚ್ಚಿಟ್ಟು, ದೂರದ ಸರ್ವರಿನಿಂದ ಬೀಗ ತೆಗೆಯುವ ಉಪಾಯವನ್ನು ಕಂಡುಕೊಂಡಿದ್ದಾರೆ. ಕೇಡು ಕಂಡರೆ ಅಲ್ಲಿಂದಲೇ ಬೀಗ ಹಾಕಿಬಿಡಬಹುದು. ಇದಲ್ಲದೆ ಸರ್ವರು ಹೊಸ ಆ್ಯಪಿನ ಮಾತನ್ನಷ್ಟೇ ಅಲ್ಲದೆ ಹಳೆಯ ಆ್ಯಪುಗಳ ಮಾತನ್ನೂ ಮರೆಯುವಂತಿಲ್ಲ. ಎರಡು ವೇದಿಕೆಗಳು, ಒಂದೊಂದರಲ್ಲಿ ಹತ್ತಾರು ಆವೃತ್ತಿಗಳು. ದೊಡ್ಡ ಸಂಸಾರದ ಯಜಮಾನಿಯು ಮುತ್ತಜ್ಜಿಯ ಮಾತಿಗೂ ಮೊಮ್ಮಗನ ತೊದಲಿಗೂ ಉತ್ತರಕೊಡುವಂತೆ ಅದು ಎಲ್ಲರಿಗೂ ಉತ್ತರಕೊಡಬೇಕು.

ಕೆಲಸಗಾರರ ಸಂಖ್ಯೆಯೂ ಕಷ್ಟಕ್ಕೆ ಕಾರಣವೇ. ದೊಡ್ಡ ಆ್ಯಪುಗಳಲ್ಲಿ ನೂರಾರು ಇಂಜಿನಿಯರುಗಳು ಒಂದೇ ಪ್ರೋಗ್ರಾಮಿನ ಬೇರೆಬೇರೆ ಭಾಗಗಳನ್ನು ದಿನವೂ ತಿದ್ದುತ್ತಿರುವರು. ಒಬ್ಬನು ತಿದ್ದಿದ್ದರಿಂದ ಇನ್ನೊಬ್ಬಳ ಭಾಗವು ಕೆಡಬಾರದು. ಅದಕ್ಕಾಗಿ ಪ್ರತಿ ತಿದ್ದುಪಡಿಯನ್ನೂ ಮತ್ತೊಬ್ಬರು ಓದುವರು. ಯಂತ್ರವೇ ಸಾವಿರಾರು ಪರೀಕ್ಷೆಗಳನ್ನು ನಡೆಸುವುದು. ಆಮೇಲೆ ನಿಜವಾದ ಫೋನುಗಳಲ್ಲಿ ಪರೀಕ್ಷಿಸುವರು. ಇಷ್ಟೆಲ್ಲ ಎಚ್ಚರಿಕೆಯಿದ್ದರೂ ಅತ್ತೆಯವರ ಫೋನಿನಲ್ಲಿ ಕನ್ನಡದ ಒತ್ತಕ್ಷರ ಹೇಗೆ ಕತ್ತರಿಸಿಹೋಯಿತು?

ಇದಕ್ಕೆ ಉತ್ತರವು ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ನಾಟಿತು. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಲ್ಲುವುವು. ನಮ್ಮ ಅಕ್ಷರಗಳು ಮೇಲಕ್ಕೆ ಗುಡಿಸನ್ನೂ ಕೆಳಕ್ಕೆ ಒತ್ತನ್ನೂ ಚಾಚುವುವು. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ತಕ್ಕಂತೆ ಗೊತ್ತುಮಾಡಿದರೆ ಕನ್ನಡದ ಕಾಲು ಕತ್ತರಿಸಿಹೋಗುವುದು. ಇಂಗ್ಲಿಷಿನಲ್ಲಿ ಮೂರಕ್ಷರದ ಪದಕ್ಕೆ ನಮ್ಮಲ್ಲಿ ಕೆಲವು ವೇಳೆ ಇಡೀ ವಾಕ್ಯವೇ ಬೇಕಾಗುವುದರಿಂದ ಗುಂಡಿಯ ಅಗಲವೂ ಸಾಲದು. ಆಂಡ್ರಾಯ್ಡಿಗೆ ಕನ್ನಡ ಲಿಪಿಯ ಆಸರೆಯು ದೊರೆತುದೇ 2012ರ 4.1ನೆಯ ಆವೃತ್ತಿಯಿಂದ. ಎರಡು ವೇದಿಕೆಗಳು ಅಕ್ಷರವನ್ನು ಬಿಡಿಸುವ ಕ್ರಮವೂ ಬೇರೆ. ಹೊಸ ಫೋನಿನ ದೊಡ್ಡ ಪರದೆಯಲ್ಲಿ ಸರಿಯಾಗಿ ಕಂಡದ್ದು ಹಳೆಯ ಫೋನಿನ ಸಣ್ಣ ಪರದೆಯಲ್ಲಿ ಕೆಡುವುದು. ಅದರಲ್ಲಿಯೂ ಕಣ್ಣು ಮಂಜಾದ ಹಿರಿಯರು ಅಕ್ಷರವನ್ನು ದಪ್ಪಮಾಡಿಟ್ಟುಕೊಂಡಿದ್ದರೆ ಮತ್ತಷ್ಟು ಕೆಡುವುದು. "ನಾವು ಪರೀಕ್ಷಿಸಿದ್ದೆವು, ಆದರೆ ನಮ್ಮ ಕಣ್ಣಿಗೆ ತಕ್ಕ ಅಕ್ಷರದಲ್ಲಿ ಪರೀಕ್ಷಿಸಿದ್ದೆವು" ಎಂದು ಸೊಸೆಯು ಒಪ್ಪಿಕೊಂಡಳು.

ಇನ್ನು ಹಳೆಯ ಫೋನನ್ನು ಕೈಬಿಟ್ಟ ವಿಷಯ. ಇದರಲ್ಲಿ ಕಂಪೆನಿಯದೇ ಪೂರ್ತಿ ತಪ್ಪೆಂದು ನಾವು ಹೇಳಲಾರೆವು. ಅತ್ತೆಯವರ ಫೋನು 2016ರಲ್ಲಿ ಕೊಂಡದ್ದು. ಅದಕ್ಕೆ ತಯಾರಕರು ಸುರಕ್ಷತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ಎಂದೋ ನಿಲ್ಲಿಸಿದ್ದರು. ಬಾಗಿಲಿನ ಚಿಲಕ ಸಡಿಲವಾದ ಮನೆಯಲ್ಲಿ ಹಣವಿಡುವುದು ಹೇಗೆ ಅಪಾಯವೋ ಹಾಗೆಯೇ ಇದು. ಗೂಗಲ್ ಕಂಪೆನಿಯೇ 2013ರ ಕಿಟ್‌ಕ್ಯಾಟ್ ಎಂಬ ಆವೃತ್ತಿಗೆ ತನ್ನ ಪ್ಲೇ ಸೇವೆಗಳ ಹೊಸ ಆವೃತ್ತಿಗಳನ್ನು ಕೊಡುವುದನ್ನು 2023ರಲ್ಲಿ ನಿಲ್ಲಿಸಿತು. ಹಳೆಯದನ್ನು ಶಾಶ್ವತವಾಗಿ ಹೊತ್ತು ನಡೆಯುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಬಿಡುವ ರೀತಿಯೊಂದುಂಟಲ್ಲವೆ?

ಕಂಪೆನಿಯ ಸಭೆಯಲ್ಲಿ ಲೆಕ್ಕವೊಂದನ್ನು ಮುಂದಿಟ್ಟಿದ್ದರಂತೆ: ಅಷ್ಟು ಹಳೆಯ ಫೋನಿನವರು ನೂರಕ್ಕೆ ಒಬ್ಬರೂ ಇಲ್ಲ. ಕೇಳುವುದಕ್ಕೆ ಅದು ಬಹಳ ಅಲ್ಪವಾಗಿ ತೋರುವುದು. ಆದರೆ ಒಂದು ಕೋಟಿ ಜನರು ಉಪಯೋಗಿಸುವ ಆ್ಯಪಿನಲ್ಲಿ ನೂರಕ್ಕೊಬ್ಬರೆಂದರೆ ಒಂದು ಲಕ್ಷ ಜನ. 2011ರ ಜನಗಣತಿಯಲ್ಲಿ ತಿಪಟೂರು ಪಟ್ಟಣದ ಜನಸಂಖ್ಯೆಯು 60 ಸಾವಿರದ ಆಸುಪಾಸಿನಲ್ಲಿತ್ತು. ಅಂದರೆ ಇಡೀ ತಿಪಟೂರು ಪಟ್ಟಣವೂ ಅದರ ಸುತ್ತಣ ಅನೇಕ ಹಳ್ಳಿಗಳೂ ಆ "ಒಂದರಲ್ಲಿ" ಅಡಗಿಹೋಗುವುವು! ಪುಸ್ತಕದ ಲೆಕ್ಕದಲ್ಲಿ ಒಂದಾಗಿದ್ದುದು ಜಗಲಿಯ ಮೇಲೆ ಮನುಷ್ಯನಾಗಿ ಕುಳಿತಿತ್ತು. ಹಬ್ಬದ ಹಿಂದಿನ ರಾತ್ರಿ, ಬೆವರಿನ ಕೂಲಿ ಬಂತೋ ಇಲ್ಲವೋ ತಿಳಿಯದೆ.

ಇಷ್ಟನ್ನು ಕೇಳಿ ಅತ್ತೆಯವರು ಹೇಳಿದ ಮಾತು ನಮಗೆ ಇನ್ನೂ ನೆನಪಿದೆ. "ನಿಲ್ಸೋದು ನಿಲ್ಸಿ. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಅಟ್ಟದಿಂದ ಕಾಯಿ ಇಳಿಸೋ ದಿನ ಬಂದು ಏಣಿ ತೆಗೀಬ್ಯಾಡ್ರಿ." ಸೊಸೆಯು ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು.

ಹಬ್ಬ ಮುಗಿದ ಮೇಲೆ ಆಕೆಯು ಹೊರಡುವಾಗ ಅತ್ತೆಯವರಿಗೆ ಹೊಸ ಫೋನೊಂದನ್ನು ಕೊಡಿಸಿ, ಹಳೆಯದನ್ನು ತನ್ನ ಸಂಗಡ ಬೆಂಗಳೂರಿಗೆ ಒಯ್ದಳು. ಈಚೆಗೆ ನಮಗೆ ತಿಳಿಸಿದಂತೆ, ಆ ಫೋನು ಈಗ ಕಛೇರಿಯ ಮೇಜಿನ ಮೇಲೆ ಇದೆ. ಅದರಲ್ಲಿ ಅಕ್ಷರವನ್ನು ಅತ್ತೆಯವರು ಇಟ್ಟುಕೊಂಡಿದ್ದಷ್ಟೇ ದಪ್ಪವಾಗಿ ಇಟ್ಟಿದ್ದಾರೆ. ಹೊಸ ಪರದೆಯು ಯಾವುದೇ ಆಗಲಿ, ಐಫೋನಿನಲ್ಲಿ ಎಷ್ಟೇ ಸೊಗಸಾಗಿ ಕಾಣಲಿ, ಹಳೆಯ ಸಣ್ಣ ಫೋನುಗಳಲ್ಲಿ ಕನ್ನಡವನ್ನು ಓದಲು ಬಂದ ಮೇಲೆಯೇ ಹೊರಗೆ ಹೋಗತಕ್ಕದ್ದೆಂದು ಆಕೆಯ ತಂಡದವರು ಗೊತ್ತುಮಾಡಿಕೊಂಡಿದ್ದಾರೆ. ಯಾವ ಫೋನನ್ನಾದರೂ ಕೈಬಿಡಬೇಕಾದರೆ ಮೂರು ತಿಂಗಳು ಮುಂಚಿತವಾಗಿ ಅವರವರ ಭಾಷೆಯಲ್ಲಿ ತಿಳಿಸತಕ್ಕದ್ದು, ಹಬ್ಬದ ಸಮಯದಲ್ಲಿ ನಿಲ್ಲಿಸಬಾರದು, ನಿಲ್ಲಿಸಿದ ಮೇಲೆಯೂ ಬಂದ ಹಣವನ್ನು ನೋಡುವ ಒಂದು ಕಿಂಡಿಯನ್ನು ಕೆಲವು ಕಾಲ ತೆರೆದಿಡತಕ್ಕದ್ದು ಎಂಬ ಆಕೆಯ ಸೂಚನೆಗಳಲ್ಲಿ ಮೊದಲಿನ ಎರಡನ್ನು ಮೇಲಿನವರು ಒಪ್ಪಿದರಂತೆ. ಮೂರನೆಯದರಿಂದ ಸುರಕ್ಷತೆಗೆ ಕುಂದು ಬರಬಹುದೆಂದು ಇನ್ನೂ ಚರ್ಚೆ ನಡೆದಿದೆ. ಇದು ದೊಡ್ಡ ವಿಜಯವೇನೂ ಅಲ್ಲ. ಆದರೂ ಇಂತಹ ಕೆಲಸದಲ್ಲಿ ಸುಧಾರಣೆಯು ಹೀಗೆಯೇ, ಒಂದೊಂದು ಮೆಟ್ಟಿಲಾಗಿ, ಬರತಕ್ಕದ್ದೆಂದು ನಮಗೆ ತೋರುವುದು.

ಮನೆಗಳಲ್ಲಿರುವ ವಾಚಕಿಯರಿಗೆ ಉಪಯೋಗವಾಗುವ ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಮೊದಲನೆಯದಾಗಿ, ನಿಮ್ಮ ಫೋನಿನ ಸೆಟ್ಟಿಂಗ್ಸಿನಲ್ಲಿ ಸುರಕ್ಷತೆಯ ತಿದ್ದುಪಡಿಯು ಕಡೆಯ ಸಾರಿ ಯಾವ ವರ್ಷ ಬಂದಿತೆಂಬುದನ್ನು ನೋಡಿಡಿ. ಅದು ಬಹಳ ಹಿಂದಿನದಾದರೆ ಹಣದ ವ್ಯವಹಾರವನ್ನು ಬೇರೆ ಫೋನಿಗೆ ಸಾಗಿಸುವ ಯೋಚನೆಯನ್ನು ಈಗಲೇ ಮಾಡುವುದು ಲೇಸು. ಎರಡನೆಯದಾಗಿ, ಕೂಲಿ ಕೊಡುವ ದಿನ, ಮದುವೆಯ ದಿನ, ಪ್ರಯಾಣದ ದಿನ ಆ್ಯಪನ್ನು ನವೀಕರಿಸಹೋಗಬೇಡಿ. ಬಿಡುವಾದ ದಿನ ಅದನ್ನು ಮಾಡಿಕೊಳ್ಳಿ. ಮೂರನೆಯದಾಗಿ, ಆ್ಯಪು ನಿಂತಿತೆಂದು ಗಾಬರಿಯಾಗಿ ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಕಡತವನ್ನು ಒತ್ತಿ ಹಾಕಿಕೊಳ್ಳಬೇಡಿ. ಆಂಡ್ರಾಯ್ಡ್ ಫೋನು ಅಂಗಡಿಯ ಹೊರಗಿನ ಆ್ಯಪುಗಳನ್ನೂ ಒಪ್ಪಿಕೊಳ್ಳುವುದರಿಂದ ಕಳ್ಳರು ಇದೇ ಬಾಗಿಲಿನಿಂದ ಬರುತ್ತಾರೆ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930 ಸಂಖ್ಯೆಗೆ ಕರೆಮಾಡಿ ತಿಳಿಸತಕ್ಕದ್ದು. ನಾಲ್ಕನೆಯದಾಗಿ, ಆ್ಯಪೇ ಇಲ್ಲದ ಸಾದಾ ಫೋನಿನಿಂದಲೂ ಹಣ ಕಳುಹಿಸುವ ಯು.ಪಿ.ಐ. 123ಪೇ ಎಂಬ ಏರ್ಪಾಡನ್ನು ರಿಸರ್ವ್ ಬ್ಯಾಂಕು 2022ರ ಮಾರ್ಚಿಯಲ್ಲಿ ಜಾರಿಗೆ ತಂದಿದೆ. ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ, ಮನೆಯ ಹಿರಿಯರಿಗೂ ಆಳುಕಾಳುಗಳಿಗೂ ಕಲಿಸಿಡಿ.

ಈ ಕಡೆಯ ಮಾತನ್ನು ನಾವು ಬೇಕೆಂದೇ ಹೇಳಿದೆವು. ಅತ್ತೆಯವರಿಗೆ ಹೊಸ ಫೋನು ಬಂದಿತು; ಏಕೆಂದರೆ ಅವರಿಗೆ ಅಂತಹ ಸೊಸೆಯಿದ್ದಳು. ಆ ನಾಲ್ಕನೆಯ ಆಳಿಗೆ ಯಾರೂ ಫೋನು ಕೊಡಿಸಲಿಲ್ಲ. ಮೊನ್ನೆ ವಿಚಾರಿಸಿದಾಗ, ಅವನು ಈಗ ಕೂಲಿಯನ್ನು ನಗದಾಗಿಯೇ ಕೇಳುತ್ತಾನೆಂದೂ, ಅತ್ತೆಯವರು ಅವನಿಗಾಗಿ ಪ್ರತ್ಯೇಕವಾಗಿ ನೋಟುಗಳನ್ನು ತಂದಿಡುತ್ತಾರೆಂದೂ ತಿಳಿಯಿತು. ಅದು ಅವರ ದೊಡ್ಡತನ. ಆದರೆ ಆ್ಯಪು ಮಾಡುವವರಿಗೆ ಅವನ ಲೆಕ್ಕವು ಇನ್ನೂ ಬಾಕಿಯಿದೆ. ಎರಡು ವೇದಿಕೆಗಳಿಗೆ ಒಂದೇ ಆ್ಯಪನ್ನು ಕಟ್ಟಿದೆವೆಂದು ಅವರು ಹೇಳಿಕೊಳ್ಳುವುದು ಸಹಜ. ಅದು ನಿಜವಾಗಿಯೂ ಒಂದಾಯಿತೆಂದು ನಾವು ಒಪ್ಪಬೇಕಾದರೆ, ಸೊಸೆಯ ಕೈಯಲ್ಲಿ ಕಂಡ ಹಣವು ಆ ಜಗಲಿಯ ಮೇಲಿನವನ ಕೈಯಲ್ಲಿಯೂ ಕಾಣುವಂತಾಗಬೇಕು.